ಕಾರ್ಡ್ ತಗೊಂಡ್ ಬನ್ನಿ

॥ ಶ್ರೀ ॥

ಚಾಮರಾಜಪೇಟೆ, ಬೆಂಗಳೂರು
೧೮-೬-೨೦೦೬

ಚಿ॥ ಸೌ॥ ಆರಾಧನಾಗೆ ನಿನ್ನ ಅಮ್ಮ ಮಾಡುವ ಆಶೀರ್ವಾದಗಳು.

ಉತ್ತರ ಬರೆಯಲಿಲ್ಲವೆಂದು ಮುಖ ಊದಿಸಿಕೊಂಡಿದ್ದರೆ ಇಳಿಸಿಕೋ ತಾಯಿ. ನೀನು ಫೋನಿನಲ್ಲಿ "ಡ್ರೈವ್ ಓಪನ್ ಆಯ್ತಾ ಅಮ್ಮ?" ಅನ್ನುವುದು, ನಿಮ್ಮಪ್ಪ ಪಕ್ಕದಲ್ಲೇ ಕಿವಿ ನಿಮಿರಿಸಿಕೊಂಡು ಕೂತಿರುವುದರಿಂದ ನಾನು "ಇವತ್ತೋ ನಾಳೆಯೋ" ಅನ್ನುವುದು, ಇದೇ ಆಗಿಹೋಯಿತು. ಈಗ ಅವರು ನಿನ್ನ ದೊಡ್ಡಪ್ಪ ಶೀನಣ್ಣನವರ ಕೈ ಹಿಡಿದುಕೊಂಡು ಆಂಜನೇಯನ ಗುಡಿಗೆ ಹೋಗಿದ್ದಾರೆ. ಒಲೆಯ ಮೇಲೆ ಬೇಳೆ ಇಟ್ಟು ಬರೆಯುತ್ತಿದ್ದೇನೆ. ಅಕ್ಷರ ಓಡಿದ್ದರೆ ಬೈಯಬೇಡ.

ನಿನ್ನ ಮದುವೆಯ ವಿಡಿಯೋದವನು ಇನ್ನೂ ಸಿ.ಡಿ. ಕೊಟ್ಟಿಲ್ಲ. ಹಾಡು ಹಾಕಬೇಕಂತೆ, ಹೂವು ಉದುರಿಸಬೇಕಂತೆ. ಅವನ ಮನೆ ಹಾಳಾಗ! ಪುಣ್ಯಕ್ಕೆ ನಿನ್ನ ಮೈದುನ ತೆಗೆದದ್ದನ್ನೆಲ್ಲ ಅಳಿಯಂದಿರು ಆ ಪುಟ್ಟ ಹಾರ್ಡ್ ಡ್ರೈವಿಗೆ ತುಂಬಿ ಕೊಟ್ಟು ಬೀದರಿಗೆ ಹೊರಟರಲ್ಲ, ಅಂದಿನಿಂದ ನಿಮ್ಮಪ್ಪನಿಗೆ ಊಟ ನಿದ್ದೆ ಅದೇ. ಧಾರೆಯ ದಿನ ಬೆಳಗ್ಗೆ ಕಣ್ಣಿನೊಳಗೆ ರಕ್ತ ಒಸರಿ ಛತ್ರದಿಂದ ನೇರ ಆಸ್ಪತ್ರೆಗೆ ಹೋದವರು ಅವರು. "ಮುಹೂರ್ತ ಮೀರ್ಬಾರ್ದು, ಶೀನಣ್ಣನೂ ಅತ್ತಿಗೆಯೂ ಧಾರೆ ಎರೀಲಿ" ಎಂದು ಆಟೋದಿಂದಲೇ ಕೂಗಿದರು. ಒಂದು ಕಣ್ಣು ಅವತ್ತೇ ಹೋಯಿತು. ಇನ್ನೊಂದು ಇರುವಷ್ಟು ದಿನ ಎಂದು ಡಾಕ್ಟರು ಹೇಳಿದ್ದು ನೀನೂ ಕೇಳಿದ್ದೀಯ. ಅದು ಇರುವಾಗಲೇ ಮಗಳ ಧಾರೆ ನೋಡಿಬಿಡಬೇಕು ಎಂದು ಅವರ ಹಟ.

ನಮ್ಮ ಕಂಪ್ಯೂಟರ್ ಹಳೆಯದು. ಅದರ ಹಿಂದಿನ ತೂತಿಗೆ ಡ್ರೈವ್ ಸಿಕ್ಕಿಸಿದರೆ ಚಿತ್ರ ಬರುತ್ತದೆ, ಆದರೆ ತೊದಲುತ್ತದೆ. ನೀನು ಒಂದು ಹೆಜ್ಜೆ ಇಡುವಷ್ಟರಲ್ಲಿ ನನ್ನ ಒಗ್ಗರಣೆ ಮುಗಿಯುತ್ತದೆ. ಒಳಗೆ ಇಳಿಸಿಕೊಳ್ಳೋಣವೆಂದರೆ ಕಂಪ್ಯೂಟರಿನಲ್ಲಿ ಜಾಗವಿಲ್ಲ. ಶೀನಣ್ಣನವರು ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಯೊಂದರಿಂದ ಏನೋ ಹಸಿರು ತಗಡು ತಂದು, ಗುರುತಿನವರಿಂದ ಪೆಟ್ಟಿಗೆಯೊಳಗೆ ಕೂರಿಸಿದರು. ಅದಕ್ಕೆ ಹೊಸ ತೂತುಗಳಿವೆ, ಬೇಗ ಓಡುತ್ತದಂತೆ. ಡ್ರೈವ್ ಸಿಕ್ಕಿಸಿದರೆ ದೀಪ ಹತ್ತಿತು, ಟಿಕ್ ಟಿಕ್ ಎಂದಿತು, ಅಷ್ಟೇ. "ಪರದೆ ಮೇಲೆ ಏನ್ ಬರ್ದಿದೆ ಓದು ಚೂಡಾ" ಎನ್ನುತ್ತಾರೆ ನಿಮ್ಮಪ್ಪ. ಗುರುತು ಸಿಗುತ್ತಿಲ್ಲ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ತೆಗೆದು ಹಾಕಿ, ತೆಗೆದು ಹಾಕಿ, ಮೇಜಿನ ಕೆಳಗೆ ಬಗ್ಗಿ ಬಗ್ಗಿ ನನ್ನ ಸೊಂಟ ಬಿದ್ದುಹೋಯಿತು.

ಕೊನೆಗೆ ಆ ಅಂಗಡಿಗೆ ನಾನೇ ಫೋನು ಮಾಡಿದೆ. ಅನಿಲ್ ಕುಮಾರ್ ಎಂದು ಅದರ ಯಜಮಾನ, ಒಳ್ಳೆಯ ಮನುಷ್ಯ. "ಅಮ್ಮಾ, ಕಾರ್ಡಿಗೂ ಡ್ರೈವಿಗೂ ಹೊಂದಾಣಿಕೆ ಆಗ್ತಿಲ್ಲ ಅನ್ಸತ್ತೆ. ಕಾರ್ಡ್ ತಗೊಂಡ್ ಬನ್ನಿ, ನೋಡೇಬಿಡೋಣ" ಎಂದ. ನೀನೇ ಹೇಳು, ನಿಮ್ಮಪ್ಪ ಜನ್ಮವಿಡೀ ಸುಲ್ತಾನ್‌ಪೇಟೆಯ ಅಂಗಡಿಗಳಿಗೆ ಲಗ್ನಪತ್ರಿಕೆಯ ಪ್ರೂಫ್ ನೋಡಿದವರು. ನಮ್ಮ ಮನೆಯಲ್ಲಿ ಕಾರ್ಡ್ ಎಂದರೆ ಇನ್ನೇನು? ಯಾವ ಮದುವೆಯ ವಿಡಿಯೋ ಎಂದು ಗುರುತಿಗೆ ಕೇಳುತ್ತಿದ್ದಾನೆ ಅಂದುಕೊಂಡೆ. ನಾಲ್ಕು ಮೂಲೆಗೂ ಅರಿಶಿನ ಹಚ್ಚಿ ಉಳಿದಿದ್ದ ನಿನ್ನ ಮದುವೆಯ ಕಾರ್ಡನ್ನೇ ಚೀಲದಲ್ಲಿಟ್ಟುಕೊಂಡು ಹೋಗಿ, ಆ ಗದ್ದಲದ ಅಂಗಡಿಯಲ್ಲಿ ಅವನ ಕೈಗೆ ಕೊಟ್ಟೆ.

ಅವನು ಎದ್ದುನಿಂತು ಎರಡೂ ಕೈಯಲ್ಲಿ ತೆಗೆದುಕೊಂಡ ಪಾಪ, ಮದುವೆಗೆ ಕರೆಯಲು ಬಂದಿದ್ದಾರೆ ಎಂದು. ತಾರೀಖು ನೋಡಿದ. "ಅಮ್ಮಾ, ಈ ಮದುವೆ ಹೋದ ತಿಂಗಳೇ ಆಗೋಯ್ತಲ್ಲ?" ಎಂದ. "ಆಯ್ತಪ್ಪ, ಹೊಂದಾಣಿಕೆ ಏನೋ ಆಗ್ತಿಲ್ಲ ಅಂದ್ಯಲ್ಲ" ಎಂದೆ. ಅಂಗಡಿಯವರೆಲ್ಲ ಬಿದ್ದು ಬಿದ್ದು ನಕ್ಕರು ಕಣೇ! ಅವನು ಕಾರ್ಡ್ ಎಂದದ್ದು ಆ ಹಸಿರು ತಗಡಿಗಂತೆ. ನಾನೂ ನಕ್ಕೆ, ಅಳು ಬರುವಷ್ಟು ನಕ್ಕೆ. ಆಮೇಲೆ ಅವನು ಕಾರ್ಡಿನ ಕೆಳಗಿದ್ದ ನಿಮ್ಮಪ್ಪನ ಹೆಸರು ಓದಿದ. "ಸಂಕರ್ಷಣ ಅಂದ್ರೆ ಪ್ರೂಫ್ ಮೇಷ್ಟ್ರಾ? ನಮ್ ಮದುವೆ ಕಾರ್ಡಲ್ಲಿ ನನ್ ಹೆಂಡ್ತಿ ಯಶಶ್ರೀ ಹೆಸರು ಯಶಸ್ರೀ ಅಂತಾಗಿತ್ತು, ಅವ್ರೇ ಹಿಡಿದಿದ್ದು. ನೀವು ಏನೂ ತರೋದ್ ಬೇಡಿ, ನಡೀರಿ, ನಾನೇ ಬರ್ತೀನಿ" ಎಂದು ಸ್ಕೂಟರ್ ತೆಗೆದ.

ಮನೆಗೆ ಬಂದು ತಗಡನ್ನು ಕಿತ್ತು ಬೇರೆ ಜಾಗದಲ್ಲಿ ಕೂರಿಸಿದ. ಟಿಕ್ ಟಿಕ್. ಯಾವುದೋ ಸಿ.ಡಿ. ಹಾಕಿ ತಗಡಿಗೆ ಬೇಕಾದ ಪ್ರೋಗ್ರಾಮನ್ನು ಮತ್ತೆ ತುಂಬಿಸಿದ. ಟಿಕ್ ಟಿಕ್. ತನ್ನ ಜೇಬಿನ ಪೆನ್ ಡ್ರೈವನ್ನು ಅದೇ ತೂತಿಗೆ ಹಾಕಿದರೆ ತಕ್ಷಣ ತೆರೆಯಿತು. ನಿಮ್ಮಪ್ಪನ ಮುಖ ಬಾಡಿತು. "ಹಾಗಾದ್ರೆ ನಮ್ಮದೇ ಕೆಟ್ಟಿದ್ಯೇನಪ್ಪಾ?" ಎಂದರು. "ಇಲ್ಲ ಮೇಷ್ಟ್ರೇ, ಡ್ರೈವೂ ಚೆನ್ನಾಗಿದೆ, ಕಾರ್ಡೂ ಚೆನ್ನಾಗಿದೆ. ಈ ಕಾರ್ಡ್ ಕೊಡೋ ಕರೆಂಟು ಇದಕ್ಕೆ ಸಾಲ್ತಿಲ್ಲ" ಎಂದು ಎರಡು ಮೂತಿಯ ವೈರೊಂದನ್ನು ತೆಗೆದ. ಒಂದು ಮೂತಿ ಹೊಸ ತೂತಿಗೆ, ಇನ್ನೊಂದು ನಾವು ಬೈದು ಬಿಟ್ಟಿದ್ದ ಹಳೆಯ ತೂತಿಗೆ. ಟಿಕ್ ಟಿಕ್ ನಿಂತು ಡ್ರೈವ್ ಗುಂಯ್ ಎಂದಿತು. ನಾನು ಕೈ ಮುಗಿದೆ.

ನಿಮ್ಮಪ್ಪ ಕುರ್ಚಿ ಎಳೆದುಕೊಂಡು ಪರದೆಗೆ ಮೂಗು ತಾಗುವ ಹಾಗೆ ಕೂತರು. ಗಟ್ಟಿಮೇಳ ಶುರುವಾಯಿತು. "ಅಂತರಪಟ ಇಳಿಸಿದ್ರು ನೋಡು ಚೂಡಾ. ಮುಖ ಎಷ್ಟು ಕಳೆಯಾಗಿದೆ ಕೂಸಿಂದು! ತಲೆ ಬಗ್ಗಿಸ್ಕೊಂಡು ನಗ್ತಿದಾಳೆ" ಎಂದರು. ಅವರ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು. ಮೇಳ ನಿಂತ ಮೇಲೆ ಅಲ್ಲೇ ಕೂತು ಪರದೆಯ ಕಡೆಗೆ ಅಕ್ಷತೆ ಹಾಕಿದರು. ಅನಿಲ್ ಕುಮಾರನಿಗೆ ಕೋಸಂಬರಿ, ಪಾಯಸ ಮಾಡಿ ಬಡಿಸಿದೆ. ನಿನ್ನೆ ರಾತ್ರಿ ನಿಮ್ಮಪ್ಪ ಚೆನ್ನಾಗಿ ನಿದ್ದೆ ಮಾಡಿದರು.

ಆಷಾಢಕ್ಕೆ ನಿನ್ನನ್ನು ಕರೆದುಕೊಂಡು ಬರಲು ರಾಘವ ಮಾವ ಬೀದರಿಗೆ ಬರುತ್ತಾನೆ. ಅತ್ತೆಯವರಿಗೆ ನನ್ನ ನಮಸ್ಕಾರ ಹೇಳು. ಅಲ್ಲಿನ ಬಿಸಿಲಿಗೆ ಮಜ್ಜಿಗೆ ಜಾಸ್ತಿ ಕುಡಿ. ಇಬ್ಬರೂ ನೂರು ಕಾಲ ನಗುನಗುತ್ತಾ ಬಾಳಿ.

ನಿನ್ನ ಅಮ್ಮ,
ಚೂಡಾಮಣಿ

ವಿ. ಸೂ.: ಮಡಚಿದ ಕಾಗದವನ್ನು ಮತ್ತೆ ಬಿಡಿಸಿದ್ದೇನೆ, ಇದನ್ನು ಫೋನಿನಲ್ಲಿ ಹೇಳಲಾರೆ. ಗಟ್ಟಿಮೇಳದ ಹೊತ್ತಿಗೆ ಎಲ್ಲರೂ ಅಕ್ಷತೆ ಹಾಕಲು ಎದ್ದುನಿಂತುಬಿಟ್ಟಿದ್ದಾರೆ ಮಗಳೇ. ನಿನ್ನ ಮೈದುನನ ಕ್ಯಾಮೆರಾಕ್ಕೆ ಸಿಕ್ಕಿದ್ದು ಬರೀ ಬೆನ್ನುಗಳು. ಅಂತರಪಟವೂ ಇಲ್ಲ, ನೀನೂ ಇಲ್ಲ. ಅವರು ನಿನ್ನ ಮುಖದ ಕಳೆ ಹೇಳುತ್ತಿದ್ದಾಗ ಪರದೆಯ ತುಂಬ ಯಾರದೋ ಕೋಟಿನ ಬೆನ್ನಿತ್ತು. ಅನಿಲ್ ಕುಮಾರ್ ನನ್ನ ಮುಖ ನೋಡಿದ. ನಾನು ಸುಮ್ಮನಿರಪ್ಪ ಎಂದು ಸನ್ನೆ ಮಾಡಿ, "ಹೂಂ ಕಣ್ರೀ, ಎಷ್ಟು ಚೆನ್ನಾಗಿ ಕಾಣ್ತಿದಾಳೆ" ಎಂದೆ. ಎಂದಿನಿಂದ ಹೀಗೋ, ನನಗೆ ಹೇಳಿಲ್ಲ. ನಾನೂ ಕೇಳಿಲ್ಲ. ನೀನು ಬಂದಾಗ ಸದ್ದಿಲ್ಲದೆ ಬಂದು ಅವರೆದುರು ನಿಂತು ನಗಬೇಡ. ಬಾಗಿಲಲ್ಲೇ "ಅಪ್ಪಾ, ನಾನು ಬಂದೆ" ಎಂದು ಕೂಗಿಬಿಡು, ಅವರೇ ತಿರುಗಿ ನಿನ್ನನ್ನು ನೋಡಲಿ.