ನಡುಮನೆಯಲ್ಲಿ ಒಂಟಿ ಚಪ್ಪಲಿ

ಪುಟ್ಟಮ್ಮಾ,

ದೆವ್ವಗಳು ನಿನ್ನ ಮಾವನನ್ನು ಕಂಡರೆ ತಾವೇ ದಾರಿ ಬಿಡುತ್ತವೆ, ಗೊತ್ತಲ್ಲ. ಆದರೆ ನೀನು ತೀರಿಕೊಂಡ ಈ ಮನೆಯಲ್ಲಿ ಇವತ್ತು ನಡೆದದ್ದನ್ನು ನಿನ್ನನ್ನು ಬಿಟ್ಟು ಬೇರೆ ಯಾರಿಗೂ ಹೇಳುವಂತಿಲ್ಲ.

ಅಂಡಾಶಯದ ಕ್ಯಾನ್ಸರಿಗೆ ಚಿಕಿತ್ಸೆ ಮುಗಿದು ಬಂದ ಮೇಲೂ ಕೀಮೋ ಔಷಧಿಯಿಂದ ನಿನ್ನ ಪಾದಗಳಿಗೆ ಹಿಡಿದ ಜೋಮು ಬಿಡಲಿಲ್ಲ. "ಮಾವ, ಚಪ್ಪಲಿ ಕಾಲಲ್ಲಿದೆಯಾ? ಸ್ವಲ್ಪ ನೋಡಿ ಹೇಳು" ಎಂದು ನೀನು ಕೇಳುತ್ತಿದ್ದೆ. "ವಾಸಿಯಾಯ್ತಲ್ಲೇ, ಇನ್ನೇನು ನಿನ್ನ ರಾಗ! ಕಾಲೂ ಇದೆ, ಚಪ್ಪಲಿಯೂ ಇದೆ, ಓಡು" ಎಂದು ನಾನು ಪೇಪರಿನ ಹಿಂದಿನಿಂದಲೇ ಹೇಳಿ ಎಲ್ಲರನ್ನೂ ನಗಿಸುತ್ತಿದ್ದೆ. ಗೋಡೆ ಹಿಡಿದುಕೊಂಡು ನೀನೂ ನಗುತ್ತಿದ್ದೆ.

ಇವತ್ತು ಮಧ್ಯಾಹ್ನ ನಿನ್ನ ಎಡಗಾಲಿನ ಚಪ್ಪಲಿ ನಡುಮನೆಯಲ್ಲಿ ಬಿದ್ದಿತ್ತು. ಸ್ಟ್ಯಾಂಡಿನಲ್ಲಿಟ್ಟು ತಿರುಗಿದರೆ ಮತ್ತೆ ಅಲ್ಲೇ ಇತ್ತು. ಮಂಡಿಯೂರಿ, ಅದನ್ನು ಎರಡೂ ಕೈಯಲ್ಲಿ ಹಿಡಿದು, "ಕಾಲಲ್ಲಿಲ್ಲ ಕಣಮ್ಮ. ಬಾ, ಹಾಕ್ತೀನಿ" ಎಂದೆ.

ಚಪ್ಪಲಿ ನಿಧಾನವಾಗಿ ಭಾರವಾಯಿತು.