ಬಾಯಿ ತಪ್ಪದ ಬ್ರೋಕರ್‌ಗಳ ಊರಿನಿಂದ

ಹುಬ್ಬಳ್ಳಿ,
ಕ್ರಿ.ಶ. 2131, ಎರಡನೆಯ ಮಳೆಗಾಲದ ನಡುವಾರ.

ನನಗಿಂತ ನೂರು ವರ್ಷ ಮೊದಲು ಮನೆ ತೋರಿಸಿ ಬದುಕುತ್ತಿರುವವರಿಗೆ, ಮತ್ತು ಅವರನ್ನು ಕೂರಿಸಿಕೊಂಡು ನ್ಯಾಯದ ಪಾಠ ಹೇಳಲು ಹೊರಟಿರುವವರಿಗೆ,

ತಾರೀಖು ನೋಡಿ ಇದು ಯಾರದೋ ಚೇಷ್ಟೆ ಎಂದು ಮಡಿಸಿ ಇಡಬೇಡಿ. ನಮ್ಮಲ್ಲಿ ವರ್ಷಕ್ಕೆ ಎರಡು ಮಳೆಗಾಲ, ನಡುವೆ ಒಂದು ಉರಿಗಾಲ. ತಿಂಗಳ ಹೆಸರುಗಳನ್ನು ಶಾಲೆಯಲ್ಲಿ ಮಾತ್ರ ಹೇಳಿಕೊಡುತ್ತಾರೆ. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವಾಗಿ ಕೇಳಿಸಬಹುದು. ಅದಕ್ಕೆ ಕ್ಷಮೆಯಿರಲಿ, ಅಂಥ ಕಡೆ ನಿಂತು ವಿವರಿಸುತ್ತೇನೆ. ನನ್ನ ಸಿಟ್ಟಿಗೆ ಮಾತ್ರ ಕ್ಷಮೆ ಕೇಳುವುದಿಲ್ಲ.

ನನ್ನ ಹೆಸರು ದಾಕ್ಷಾಯಿಣಿ ಮಾದರ. ಕಡಲು ಕರಾವಳಿಯ ಊರುಗಳನ್ನು ಒಂದೊಂದಾಗಿ ನುಂಗಿದ ಮೇಲೆ ಅಲ್ಲಿನ ಜನ ಘಟ್ಟ ಹತ್ತಿ ನಮ್ಮ ಹುಬ್ಬಳ್ಳಿಗೆ ಬಂದರು. ಊರು ಉಬ್ಬಿತು. ಈಗ ಧಾರವಾಡ ಎಲ್ಲಿ ಶುರುವಾಗುತ್ತದೆಂದು ಹೇಳುವವರಿಲ್ಲ. ಬಿಸಿಲು ತಡೆಯಲು ದೊಡ್ಡ ಬೀದಿಗಳಿಗೆಲ್ಲ ಮಾಡು ಹೊದಿಸಿದ್ದಾರೆ. ಅವನ್ನು ನೆರಳುಬೀದಿ ಎನ್ನುತ್ತೇವೆ. ನೆರಳುಬೀದಿಯಲ್ಲಿ ಮನೆ ಇದ್ದವರು ಮಧ್ಯಾಹ್ನವೂ ಹೊರಗೆ ಬಂದು ಚಹಾ ಕುಡಿಯುತ್ತಾರೆ, ಮಕ್ಕಳು ಆಡುತ್ತವೆ, ಮುದುಕರು ಕಟ್ಟೆಯ ಮೇಲೆ ಕೂತು ಜಗಳವಾಡುತ್ತಾರೆ. ನೆರಳಿಲ್ಲದ ಕಡೆ ಇರುವವರು ಉರಿಗಾಲವಿಡೀ ಬಾಗಿಲು ಹಾಕಿಕೊಂಡು, ಒದ್ದೆ ಚಾದರ ಹೊದ್ದು, ಸಂಜೆಗಾಗಿ ಕಾಯುತ್ತಾರೆ. ಹೀಗಾಗಿ ಯಾರಿಗೆ ಯಾವ ಬೀದಿಯಲ್ಲಿ ಮನೆ ಸಿಗುತ್ತದೆ ಎಂಬುದು ನಮ್ಮಲ್ಲಿ ಅನುಕೂಲದ ಪ್ರಶ್ನೆಯಲ್ಲ, ಆಯುಷ್ಯದ ಪ್ರಶ್ನೆ.

ಮನೆ ಕೊಡಿಸುವವರನ್ನು ಸರ್ಕಾರ 'ವಸತಿಮಿತ್ರ' ಎಂದು ಕರೆಯುತ್ತದೆ. ಜನ ಈಗಲೂ ಬ್ರೋಕರ್ ಎಂದೇ ಕರೆಯುತ್ತಾರೆ. ಜಾತಿ, ಧರ್ಮ, ಊಟ, ಒಂಟಿ ಹೆಂಗಸು ಎಂಬ ಕಾರಣಕ್ಕೆ ಯಾರಿಗೂ ಮನೆ ನಿರಾಕರಿಸಬಾರದೆಂಬ ಕಾಯಿದೆ ನಮ್ಮಲ್ಲಿದೆ. ಪ್ರತಿ ಬ್ರೋಕರನೂ ವರ್ಷಕ್ಕೊಮ್ಮೆ ಸಮವಸತಿ ತರಬೇತಿಗೆ ಬಂದು ಕೂರಬೇಕು. ಆ ತರಬೇತಿ ಕೊಡುವುದು ನನ್ನ ಕೆಲಸವಾಗಿತ್ತು. ನಿಮ್ಮ ಕಾಲದವರು ಬರೆದಿಟ್ಟ ಪಾಠಗಳನ್ನೇ ನಾವು ಹೇಳುತ್ತಿದ್ದೆವು. 'ನೀವು ಯಾವ ಪೈಕಿ' ಎಂದು ಕೇಳಬೇಡಿ. 'ಮಡಿಯವರಿಗೆ ಮಾತ್ರ' ಎಂದು ಬೋರ್ಡು ಹಾಕಬೇಡಿ. 'ಅಲ್ಲಿ ನಿಮ್ಮ ಜನ ಇದ್ದಾರೆ' ಎನ್ನಬೇಡಿ. ಬ್ರೋಕರ್ ಗಿರಾಕಿಯೊಡನೆ ಆಡಿದ ಪ್ರತಿ ಮಾತೂ ನಮ್ಮಲ್ಲಿ ಕಾನೂನಿನ ಪ್ರಕಾರ ಧ್ವನಿಮುದ್ರಣವಾಗುತ್ತದೆ. ಆದ್ದರಿಂದ ಅವರು ಬಾಯಿಯನ್ನು ಬಹಳ ಜೋಪಾನ ಮಾಡುತ್ತಾರೆ.

ನನ್ನ ತರಗತಿಯಲ್ಲಿ ನಿರಂಜನ ಎಂಬ ಹುಡುಗನಿದ್ದ. ಹುಡುಗನೆಂದರೆ ಮದುವೆಯಾಗಿ ಮಕ್ಕಳಿದ್ದವನೇ. ಮೊದಲ ಸಾಲಿನಲ್ಲಿ ಕೂರುತ್ತಿದ್ದ, ಪಾಠ ಮುಗಿದ ಮೇಲೆ ಕುರ್ಚಿ ಎತ್ತಿಡುತ್ತಿದ್ದ, ಪರೀಕ್ಷೆಯಲ್ಲಿ ಎಲ್ಲರಿಗಿಂತ ಮುಂದೆ. ಉಳಿದವರಿಗೆ ನಾನು ಅವನನ್ನು ತೋರಿಸಿ, ಹೀಗೆ ಮಾತಾಡಬೇಕು ಎನ್ನುತ್ತಿದ್ದೆ.

ಹೋದ ಉರಿಗಾಲಕ್ಕೆ ಮುಂಚೆ ನಾವಿದ್ದ ಕಟ್ಟಡ ಬಿರುಕು ಬಿಟ್ಟು, ಎಲ್ಲರೂ ಖಾಲಿ ಮಾಡಬೇಕಾಯಿತು. ಮನೆಯಲ್ಲಿ ನಾನು ಮತ್ತು ಅಪ್ಪ. ಅಪ್ಪ ಯಲ್ಲಪ್ಪ ಬಸ್ ಓಡಿಸಿ ನಿವೃತ್ತನಾದವನು. ಅವನಿಗೆ ದಿನಕ್ಕೊಮ್ಮೆ ಜನರ ನಡುವೆ ಕೂತು ಮಾತಾಡದಿದ್ದರೆ ಊಟ ಸೇರುವುದಿಲ್ಲ. ಕೇಶ್ವಾಪುರದ ನೆರಳುಬೀದಿಯಲ್ಲಿ ಒಂದು ಮನೆ ಖಾಲಿ ಇದೆ, ನಿರಂಜನನೇ ಅದರ ಬ್ರೋಕರ್ ಎಂದು ತಿಳಿದಾಗ ನನಗೆ ನಿಜಕ್ಕೂ ಸಂತೋಷವಾಯಿತು. ಅಪ್ಪನನ್ನು ಕರೆದುಕೊಂಡೇ ಹೋದೆ.

ಅವನು ಎದ್ದು ನಿಂತು ನಮಸ್ಕಾರ ಮಾಡಿದ. ಚಹಾ ತರಿಸಿದ. ಆಮೇಲೆ ಹೇಳಿದ: "ಆ ಮನಿ ನಿಮಗ ಹೊಂದಂಗಿಲ್ರೀ ಮೇಡಂ. ಅಪ್ಪಾರಿಗೆ ಮೆಟ್ಲಾ ಏರೂದು ತ್ರಾಸ ಆಕ್ಕೈತಿ."

"ನಾ ಇನ್ನೂ ಗಟ್ಟಿ ಅದೀನಪಾ," ಎಂದ ಅಪ್ಪ. "ತೋರ್ಸರ ತೋರ್ಸು."

"ನೀರಿಂದೂ ತೊಂದ್ರಿ ಐತ್ರೀ ಅಜ್ಜಾರ. ಇದರ ಮ್ಯಾಲ ಮಾಲಕ್ರೂ ಊರಾಗಿಲ್ಲ. ಅದರ ಬದ್ಲಿ ಗಬ್ಬೂರ ಆಚೆ ಹೊಸಾ ಬಡಾವಣೆದಾಗ ಚೊಲೋ ಮನಿ ಅದಾವ. ಅಲ್ಲಿ ನಿಮಗ ಭಾಳ ಹಿತ ಆಕ್ಕೈತಿ."

ಹಿತ. ಅಲ್ಲಿ ಯಾರಿರುತ್ತಾರೆಂದು ಅವನು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ನೆರಳಿಲ್ಲದ ಆ ಬಡಾವಣೆಯಲ್ಲಿ ಯಾರಿದ್ದಾರೆಂದು ಊರಿಗೆಲ್ಲ ಗೊತ್ತು. ಹೊರಗೆ ಬಂದ ಮೇಲೆ ಅಪ್ಪ, "ನಿನ್ನ ಸಾಲಿ ಹುಡುಗ ಭಾಳ ಮರ್ಯಾದಿ ಕಲ್ತಾನ ಬಿಡು," ಎಂದ.

ನಮ್ಮಲ್ಲಿ 'ಜೋಡಿಶೋಧ' ಎಂಬ ಪರೀಕ್ಷೆಯಿದೆ. ಒಂದೇ ಬಗೆಯ ಸಂಸಾರ, ಒಂದೇ ಬಗೆಯ ಸಂಬಳ ಇರುವ ಇಬ್ಬರು, ಹೆಸರು ಮಾತ್ರ ಬೇರೆ. ಒಬ್ಬರ ಹಿಂದೆ ಒಬ್ಬರು ಅದೇ ಮನೆ ಕೇಳಬೇಕು. ನನ್ನ ಜೊತೆ ಕೆಲಸ ಮಾಡುತ್ತಿದ್ದ, ಮೇಲ್ಜಾತಿಯ ಹೆಸರಿನ ವೈದೇಹಿ ಗಲಗಲಿ ತನ್ನ ತಾಯಿಯನ್ನು ಕರೆದುಕೊಂಡು ನಿರಂಜನನ ಬಳಿಗೆ ಹೋದಳು. ಆ ತಾಯಿ ಕೋಲು ಹಿಡಿದೇ ನಡೆಯುವವರು. ಅವನು ಅಂದೇ ಸಂಜೆ ಮನೆ ತೋರಿಸಿದ. ಮೆಟ್ಟಿಲ ಬಳಿ ಆ ಹಿರಿಯರ ಮೊಣಕೈ ಹಿಡಿದು, ನಿಧಾನವಾಗಿ ಮೇಲೆ ಹತ್ತಿಸಿದನಂತೆ. ನೀರು ಧಾರಾಳ ಎಂದನಂತೆ. ವೈದೇಹಿ ಇದನ್ನು ನನಗೆ ಹೇಳುವಾಗ ನನ್ನ ಮುಖ ನೋಡಲಾರದೆ ಗೋಡೆ ನೋಡುತ್ತಿದ್ದಳು.

ನಾನು ವಸತಿ ನ್ಯಾಯಪೀಠಕ್ಕೆ ದೂರು ಕೊಟ್ಟೆ. ಪೀಠದವರು ನಮ್ಮ ಮಾತುಕತೆಯ ಧ್ವನಿಮುದ್ರಣವನ್ನು ಮತ್ತೆ ಮತ್ತೆ ಕೇಳಿದರು. ಜಾತಿಯ ಸುದ್ದಿಯಿಲ್ಲ, ಊಟದ ಸುದ್ದಿಯಿಲ್ಲ, ಏರುದನಿಯಿಲ್ಲ. ವೈದೇಹಿ ಹೋಗುವಷ್ಟರಲ್ಲಿ ಮಾಲಕರು ಊರಿಗೆ ಮರಳಿದ್ದರು, ನೀರಿನ ತೊಂದರೆಯೂ ಸರಿಹೋಗಿತ್ತು ಎಂದು ನಿರಂಜನ ಕೈ ಮುಗಿದು ಹೇಳಿದ. "ಮೇಡಂ ಕಲಿಸಿದ್ದನ್ನ ಒಂದಕ್ಷರ ಮೀರಿಲ್ರೀ," ಎಂದ. ಅದು ಸುಳ್ಳಲ್ಲ. ಮಾತಿನಲ್ಲಿ ದೋಷವಿಲ್ಲವೆಂದು ಪೀಠ ತೀರ್ಪು ಕೊಟ್ಟಿತು. ನನ್ನ ಸಮಾಧಾನಕ್ಕೋ ಏನೋ, ಅವನು ಇನ್ನೊಮ್ಮೆ ಸಮವಸತಿ ತರಬೇತಿ ಪಡೆಯಲಿ ಎಂದು ಸಲಹೆ ಮಾಡಿತು. ಅಂದರೆ ನನ್ನದೇ ತರಗತಿಯಲ್ಲಿ.

ಆ ತರಗತಿಗೆ ಮುಂಚೆ ನಾನು ಆ ಮನೆಯ ಮಾಲಕಿಯನ್ನು ನೋಡಲು ಹೋದೆ. ಚಂದ್ರಭಾಗಾಬಾಯಿ ಎಂಬ ವಯಸ್ಸಾದ ಹೆಂಗಸು, ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿರುತ್ತಾರೆ. ಊರು ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ. ನಾನು ಯಾರೆಂದು, ಏನಾಯಿತೆಂದು ಹೇಳಿದೆ. ಮಾದರರಿಗೆ ಕೊಡಬೇಡ ಎಂದು ನೀವು ಬ್ರೋಕರನಿಗೆ ಹೇಳಿದ್ದಿರಾ ಎಂದು ನೇರವಾಗಿಯೇ ಕೇಳಿದೆ.

"ಇಲ್ಲವ್ವಾ, ನಾ ಹಂಗ ಅಂದಿಲ್ಲ," ಎಂದರು. "ಅಂವಾ ಕೇಳಿದ್ರ ಅಲ್ಲೇನು, ಅನ್ನಾಕ? ಅಂವಾ ನನ್ನ ಒಂದ ಮಾತೂ ಕೇಳಲಿಲ್ಲ."

ನನಗೆ ಉಸಿರು ಬಂದಂತಾಯಿತು. ಅಷ್ಟರಲ್ಲಿ ಅವರು ಸೀರೆಯ ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಮೆಲ್ಲಗೆ ಹೇಳಿದರು: "ಕೇಳಿದ್ರ ನಾ ಏನ್ ಅಂತಿದ್ನೋ ಗೊತ್ತಿಲ್ಲವ್ವಾ. ಸುಳ್ಳ ಯಾಕ ಹೇಳ್ಲಿ. ಆದ್ರ ನಿಮ್ಮಪ್ಪ ಎದುರಿಗೆ ಬಂದು ನಿಂತಿದ್ರ, ಇಲ್ಲ ಅನ್ನಾಕ ನನಗ ಬಾಯಿ ಬರ್ತಿದ್ದಿಲ್ಲ ಅನಸ್ತೈತಿ."

ಮನೆ ಅಷ್ಟರಲ್ಲಿ ಬೇರೆಯವರಿಗೆ ಹೋಗಿತ್ತು. ಅವರು ನನಗೆ ನೀರು ಕೊಟ್ಟರು, ನಾನು ಕುಡಿದೆ, ಬಂದೆ. ಒಬ್ಬ ಮುದುಕಿ ತನ್ನೊಳಗಿನ ಕೆಟ್ಟದ್ದನ್ನೋ ಒಳ್ಳೆಯದನ್ನೋ ಕಂಡುಕೊಳ್ಳುವ ಒಂದು ಅವಕಾಶವಿತ್ತು. ಅದನ್ನೂ ಅವನು ಕಸಿದಿದ್ದ. ಬಾಗಿಲು ತಟ್ಟುವ ಮೊದಲೇ ಬಾಗಿಲಿನ ಪರವಾಗಿ ಇಲ್ಲ ಎಂದಿದ್ದ.

ತರಗತಿಯ ದಿನ ಅವನು ಎಂದಿನಂತೆ ಮೊದಲ ಸಾಲಿನಲ್ಲಿದ್ದ. ನಾನು ಪಾಠ ತೆಗೆಯಲಿಲ್ಲ. ನಡೆದದ್ದನ್ನು ಎಲ್ಲರೆದುರು ಹೇಳಿ, ಮಾಲಕಿಯ ಮಾತನ್ನೂ ಹೇಳಿ, "ಅವರನ್ನ ಯಾಕ ಕೇಳಲಿಲ್ಲ ನಿರಂಜನ?" ಎಂದೆ.

ಮೊದಲ ಸಲ ಅವನ ಮುಖದಿಂದ ನಯ ಇಳಿಯಿತು. "ಕೇಳೂದೇನ್ರೀ ಅದನ್ನ?" ಎಂದ. "ಎಲ್ಲಾರೂ ಬ್ಯಾಡಂತಾರ್ರೀ. ಕೇಳಿ ಅವರ್ನ ಪೇಚಿಗೆ ಸಿಗಿಸಬೇಕ? ಹೇಳಿ ನಿಮ್ಮ ಮನಸ ನೋಯಿಸಬೇಕ? ನಾ ಇಬ್ಬರ ಮಾನಾನೂ ಉಳಸೀನಿ!"

ಹಿಂದಿನ ಸಾಲುಗಳಲ್ಲಿ ಕೆಲವರು ತಲೆಯಾಡಿಸಿದರು. ನಾನು ಕೂಗಾಡಲಿಲ್ಲವೆಂದು ಇವತ್ತಿಗೂ ವೈದೇಹಿ ಹೊಗಳುತ್ತಾಳೆ. ಕೂಗಾಡಬೇಕಿತ್ತು ಎಂದು ನನಗನಿಸುತ್ತದೆ. ಅವನ ತರಬೇತಿ ಮುಗಿದಿದೆಯೆಂಬ ಪತ್ರಕ್ಕೆ ನಾನು ಸಹಿ ಹಾಕಲಿಲ್ಲ. ಮೇಲಧಿಕಾರಿಗಳು ಕರೆಸಿ, ಪರೀಕ್ಷೆಯಲ್ಲಿ ಪಾಸಾದವನಿಗೆ ಸಹಿ ನಿರಾಕರಿಸುವುದು ತಾರತಮ್ಯವಾಗುತ್ತದೆ ಎಂದರು. ಹೌದು, ಆ ಪದವನ್ನೇ ಬಳಸಿದರು. ಮತ್ತೊಬ್ಬರಿಂದ ಅವನಿಗೆ ಸಹಿ ಸಿಕ್ಕಿತು. ನನ್ನನ್ನು ಕೆಲಸದಿಂದ ಬಿಡಿಸಿದರು.

ಈಗ ನಾವು ಗಬ್ಬೂರಿನಾಚೆಯ ಬಡಾವಣೆಯಲ್ಲಿದ್ದೇವೆ. ನೆರೆಯವರು ಒಳ್ಳೆಯವರು, ಕೈಲಾದದ್ದನ್ನು ಮಾಡುತ್ತಾರೆ. ಆದರೆ ಉರಿಗಾಲದಲ್ಲಿ ಅವರೂ ಬಾಗಿಲು ತೆರೆಯಲಾರರು. ಅಪ್ಪ ಕಿಟಕಿಯ ಬಳಿ ಕೂತು ಖಾಲಿ ಬೀದಿಯನ್ನು ನೋಡುತ್ತಿದ್ದ. ಮಾತು ಕಡಿಮೆಯಾಯಿತು, ಆಮೇಲೆ ಊಟ ಕಡಿಮೆಯಾಯಿತು. ಈ ಮಳೆಗಾಲ ಶುರುವಾಗುವ ಮೊದಲು ತೀರಿಕೊಂಡ. ಡಾಕ್ಟರು ಬಿಸಿಲಿನ ಬೇನೆ ಎಂದರು. ನಾನು ಅವರ ಮಾತನ್ನು ತಿದ್ದಲು ಹೋಗಲಿಲ್ಲ. ತಿದ್ದಬೇಕಾದದ್ದು ನಿಮ್ಮಲ್ಲಿದೆ, ನಿಮ್ಮ ಕಾಲದಲ್ಲಿದೆ. ಅದಕ್ಕೇ ಬರೆಯುತ್ತಿದ್ದೇನೆ.

ನೀವು ಈಗಷ್ಟೇ ಮೊದಲ ಪಾಠಗಳನ್ನು ಬರೆಯುತ್ತಿದ್ದೀರಿ. ಯಾವ ಮಾತು ಆಡಬಾರದೆಂದು ಕಲಿಸಿ ಕೈ ತೊಳೆದುಕೊಳ್ಳಬೇಡಿ. ನೂರು ವರ್ಷ ಅಷ್ಟನ್ನೇ ಕಲಿಸಿದರೆ ಏನಾಗುತ್ತದೆಂದು ನಾನು ಕಂಡಿದ್ದೇನೆ: ಬೈಗುಳ ಹೋಗುತ್ತದೆ, ಬೀಗ ಹಾಗೇ ಇರುತ್ತದೆ. ಮುಖಕ್ಕೆ ಹೊಡೆದಂತೆ ಇಲ್ಲ ಎನ್ನುವವನೊಡನೆ ಜಗಳವಾದರೂ ಆಡಬಹುದು. ಚಹಾ ಕೊಟ್ಟು ಹಿತ ಬಯಸುವವನ ಎದುರು ಮನುಷ್ಯ ಏನು ಮಾಡಬೇಕು? ನಿಮ್ಮ ಬ್ರೋಕರ್‌ಗಳು ಎಷ್ಟು ಚೆನ್ನಾಗಿ ಮಾತಾಡುತ್ತಾರೆಂದು ನೋಡಬೇಡಿ. ಯಾರನ್ನು ಯಾವ ಬೀದಿಗೆ ಕರೆದೊಯ್ದರು, ಯಾರನ್ನು ಕರೆದೊಯ್ಯಲೇ ಇಲ್ಲ, ಅದನ್ನು ನೋಡಿ.

ನಾಳೆ ನಿಮ್ಮ ತರಗತಿಯಲ್ಲಿ ಒಬ್ಬ ಬುದ್ಧಿವಂತ ಕೈಯೆತ್ತಿ, 'ಹಂಗಾರ ಏನಂತ ಹೇಳಬೇಕ್ರೀ?' ಎಂದು ಕೇಳುತ್ತಾನೆ. ದಯವಿಟ್ಟು ಅವನಿಗೆ ಮಾತು ಕಲಿಸಬೇಡಿ. ಹೋಗಿ ಬಾಗಿಲು ತೆಗೆದು ಮನೆ ತೋರಿಸು ಎನ್ನಿ.

ಇಂತಿ,
ಯಲ್ಲಪ್ಪನ ಮಗಳು
ದಾಕ್ಷಾಯಿಣಿ ಮಾದರ