ಹೊಗೆ ತೂಗುವ ಜಾಡಿ

ಸೆಪ್ಟೆಂಬರ್ 16, 1974. ಸೋಮವಾರ. ವಡಾಲ, ಬೊಂಬಾಯಿ.
ಬೆಳಗ್ಗೆ ಒಗೆದ ಬಿಳಿ ಸೀರೆ ಮಧ್ಯಾಹ್ನಕ್ಕೆ ಬೂದು. ಮತ್ತೆ ಒಗೆದೆ. ಹಿಂದಿನ ಎರಕದ ಕಾರ್ಖಾನೆಯ ಗಿಡ್ಡ ಚಿಮಣಿ ನೇರ ನಮ್ಮ ಚಾಳಿನ ಮುಖಕ್ಕೇ ಉಗುಳುತ್ತದೆ.

ಇವತ್ತು ಇವರು ತಾರಸಿಯಲ್ಲಿ ಒಂದು ಗಾಜಿನ ಜಾಡಿ ಇಟ್ಟರು. ಇವರ ಲ್ಯಾಬಿನದು, ಮುನಿಸಿಪಾಲಿಟಿಯದು. ಮುಚ್ಚಳವಿಲ್ಲ, ತಳದಲ್ಲಿ ಸ್ವಲ್ಪ ನೀರು. ತಿಂಗಳಿಡೀ ಅದರಲ್ಲಿ ಬಿದ್ದ ಮಸಿ ತೂಗುತ್ತಾರಂತೆ. ಸತತ ಎರಡು ತಿಂಗಳ ತೂಕ ಸಿಕ್ಕಿದರೆ ಚಿಮಣಿ ಎತ್ತರಿಸಲು ಆರ್ಡರ್.

“ಹೊಗೆಯನ್ನೂ ತೂಗ್ತೀರಾ? ಎಷ್ಟು ಕಿಲೋ ಕಟ್ಟಿ ಕೊಡ್ಲಿ?” ಎಂದೆ. ನಗಲಿಲ್ಲ. ಒಳಗೆ ಚಂಪಾ ಕೆಮ್ಮುತ್ತಿದ್ದಳು. ನಾಲ್ಕು ವರ್ಷದ ಮಗಳು, ಅರವತ್ತರ ಕೆಮ್ಮು.

ಅಕ್ಟೋಬರ್ 15.
ಮೊದಲ ಜಾಡಿ ಹೋಯಿತು, ಎರಡನೆಯದು ಬಂತು. ಹೋದದ್ದರ ನೀರು ಕಾಫಿ ಡಿಕಾಕ್ಷನ್.

ಚಂಪಾಳನ್ನು ದಾದರಿನ ಡಾಕ್ಟರಿಗೆ ತೋರಿಸಿದೆ. “ಥಂಡೀ ಮೇ ಧುಆಂ ನೀಚೇ ಬೈಠೇಗಾ. ಬಚ್ಚೀ ಕೋ ಗಾಂವ್ ಭೇಜೋ.” ಚಳಿಗೆ ಹೊಗೆ ಕೆಳಗೇ ಕೂರುತ್ತದಂತೆ. ಚಳಿಗಾಲದೊಳಗೆ ಚಿಮಣಿಗೆ ಆರ್ಡರ್ ಆಗದಿದ್ದರೆ ಮಗುವನ್ನು ಉಡುಪಿಗೆ ಕಳಿಸಬೇಕು. ಅಷ್ಟೇ. ನನ್ನನ್ನು ಬಿಟ್ಟು ಒಂದು ರಾತ್ರಿಯೂ ಮಲಗಿದವಳಲ್ಲ.

ವಿಚಿತ್ರ... ಊರೆಂದರೆ ನನಗೆ ಮೊದಲು ನೆನಪಾಗುವುದು ಹೊಗೆಯೇ. ಬಚ್ಚಲ ಹಂಡೆಯಡಿ ತೆಂಗಿನ ಒಣ ಮಡಲು. ಬಂಗುಡೆ ಸುಡುವ ತೆಂಗಿನ ಗೆರಟೆ ಕೆಂಡ. ಗದ್ದೆಯಲ್ಲಿ ಗೊಬ್ಬರಕ್ಕೆಂದು ಸುಡುಮಣ್ಣು. ವಾಸನೆ ಹಿಡಿದೇ ಯಾರ ಮನೆಯಲ್ಲಿ ಏನು ಅಡುಗೆ ಎಂದು ಹೇಳುತ್ತಿದ್ದೆವು. ಎಷ್ಟು ಚೆನ್ನಾಗಿತ್ತು! ಯಾರಿಗೂ ಏನೂ ಆಗುತ್ತಿರಲಿಲ್ಲ. ಅಜ್ಜಿ ಕೆಮ್ಮುತ್ತಿದ್ದಳು, ಹೌದು. ಅದು ಮರೆತೇ ಹೋಗಿತ್ತು.

ನವೆಂಬರ್ 12. ಸಂಜೆ.
ನೀರು ತುಂಬುವ ಹಬ್ಬ. ನಾಳೆ ಎಣ್ಣೆ ಸ್ನಾನ. ಇವತ್ತು ಒಂದು ಪಾತ್ರೆಯೂ ಕೊಳೆ ಉಳಿಯಬಾರದು, ಎಲ್ಲ ತಿಕ್ಕಿ ಹೊಸ ನೀರು ತುಂಬಬೇಕು. ತಾರಸಿಯ ಟ್ಯಾಂಕಿನ ಹತ್ತಿರ ನಾನೂ ಪಕ್ಕದ ಖೋಲಿಯ ನೀಲಾಬಾಯಿಯೂ. ಅವಳು ಕಲಬುರ್ಗಿಯವಳು, ಬಿಲ್ಡಿಂಗ್ ಕೆಲಸಕ್ಕೆ ಹೋಗುತ್ತಾಳೆ. ಕೈಯೆಂದರೆ ಕೈ.

“ಅಕ್ಕಾರ, ಇದನೂ ತಿಕ್ಕಲೇನ್ರಿ?”
“ಎಲ್ಲ ತಿಕ್ಕು, ಒಂದೂ ಬಿಡ್ಬೇಡ.” ಹಂಡೆಯೊಳಗೆ ತಲೆ ಹಾಕಿದ್ದೆ. ತಿರುಗಿ ನೋಡಲಿಲ್ಲ.

ಬೆನ್ನು ಬಿದ್ದುಹೋಗಿದೆ. ಆದರೂ ಖುಷಿ. ಊರಲ್ಲಿ ಬಾವಿಕಟ್ಟೆಯಲ್ಲಿ ಹೀಗೇ ಕೂರುತ್ತಿದ್ದೆವು, ಅಕ್ಕತಂಗಿಯರು.

ನವೆಂಬರ್ 15.
ಜಾಡಿ ತರಲು ತಾರಸಿಗೆ ಹೋದವರು ಕೆಳಗೆ ಬರಲೇ ಇಲ್ಲ. ನಾನೇ ಹೋದೆ. ಜಾಡಿ ಫಳಫಳ. ಕಂಠದವರೆಗೆ ನೀರು, ಕೊರಳಿಗೆ ಸುಣ್ಣದ ಗೆರೆ, ಚೆಂಡು ಹೂ. ಇವರು ಅದರ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು.

“ಎಂತ ಮಾರಾಯ್ತಿ ಇದು?”

ನೀಲಾಬಾಯಿ ಓಡಿ ಬಂದಳು. “ನಾನೇ ತಿಕ್ಕೀನ್ರಿ ಅಣ್ಣಾರ. ಯಪ್ಪಾ, ಏನ್ ಮಸಿ ಇತ್ರಿ ಅದರಾಗ!” ಮುಖವೆಲ್ಲ ಹಿಗ್ಗು. ಯಾರನ್ನು ಬೈಯಲಿ? ತಿಕ್ಕು ಎಂದವಳು ನಾನು.

ಸಂಜೆ —
ಹೋದ ತಿಂಗಳ ಅಂಕಿಯನ್ನೇ ಬರೆಯಿರಿ ಎಂದು ಬೇಡಿದೆ. ಕಾಲು ಹಿಡಿಯುವುದೊಂದು ಬಾಕಿ.

“ಇವತ್ತು ನಾನು ಬರೆದ್ರೆ ನಾಳೆ ಕಾರ್ಖಾನೆಯವನು ಅವನಿಗೆ ಬೇಕಾದ್ದು ಬರೆಸ್ತಾನೆ. ಮತ್ತೆ ಯಾವ ಜಾಡಿಯನ್ನು ಯಾರು ನಂಬೋದು?”

ನನಗೆ ಗಂಟುಬಿದ್ದ ಹರಿಶ್ಚಂದ್ರ. ರಿಜಿಸ್ಟರಿನಲ್ಲಿ ಬರೆದರು: ಜಾಡಿ ತೊಳೆಯಲಾಗಿದೆ, ತೂಕವಿಲ್ಲ. ಎರಡು ತಿಂಗಳು ಮತ್ತೆ ಮೊದಲಿನಿಂದ. ಬರೆದವರು ಹೋಗಿ ಚಂಪಾಳ ಬೆನ್ನು ಸವರುತ್ತ ಕೂತರು. ನಾನು ಮಾತು ಬಿಟ್ಟೆ.

ನವೆಂಬರ್ 24. ಭಾನುವಾರ.
ಅಮ್ಮ ಬಂದು ಚಂಪಾಳನ್ನು ಬಸ್ಸಿನಲ್ಲಿ ಕರೆದೊಯ್ದಳು. “ಚಿಮಣಿ ಉದ್ದ ಆದ ಕೂಡ್ಲೆ ಬರ್ತೇನೆ” ಎಂದೆ. “ಎಷ್ಟು ಉದ್ದ?” ಎಂದು ಕೇಳಿದಳು. ಕೈ ಎತ್ತಿ ತೋರಿಸಿದೆ. ಬಸ್ಸು ಹೊರಟುಹೋಯಿತು.

ಜನವರಿ 26, 1975.
ಎರಡು ತಿಂಗಳಿಂದ ಜಾಡಿಗೆ ನೀಲಾಬಾಯಿಯದೇ ಕಾವಲು. ಕಾಗೆಯನ್ನೂ ಹತ್ತಿರ ಬಿಡುವುದಿಲ್ಲ. ಎರಡೂ ತೂಕ ಸಿಕ್ಕಿತು. ಫೈಲು ಮೇಲೆ ಹೋಗಿದೆ.

ತಾರಸಿಯಲ್ಲಿ ನಿಂತಿದ್ದೆ. ಅರವತ್ತೆಂಟರಲ್ಲಿ ಮದುವೆಯಾಗಿ ಬಂದಾಗ ಇಲ್ಲಿಂದ ಉಪ್ಪಿನ ಗದ್ದೆ, ಅದರಾಚೆ ಹಡಗಿನ ದೀಪ ಕಾಣುತ್ತಿತ್ತು. ಇವರು ಬೆರಳು ತೋರಿಸಿ ಎಣಿಸುತ್ತಿದ್ದರು. ಇವತ್ತು ಒಂದೂ ಕಾಣಲಿಲ್ಲ. ಇವರೂ ಬಂದು ಪಕ್ಕದಲ್ಲಿ ನಿಂತರು. ಮಾತು ಶುರುವಾಗಿದೆ, ಸ್ವಲ್ಪ ಸ್ವಲ್ಪ.

ಜೂನ್ 7. ಶನಿವಾರ.
ಚಿಮಣಿ ಎತ್ತರವಾಗಿ ಹತ್ತು ದಿನ. ಸೀರೆ ಸಂಜೆಗೂ ಬಿಳಿ. ನೀಲಾಬಾಯಿ ಚಾಳಿಗೆಲ್ಲ ಪೇಢಾ ಹಂಚಿದಳು. ಇವರು ಉಡುಪಿ ಬಸ್ಸಿಗೆ ಟಿಕೆಟ್ ತಂದಿದ್ದಾರೆ.

ಮಧ್ಯಾಹ್ನ ಅಮ್ಮನ ಕಾಗದ. ಚಂಪಾಳ ಕೆಮ್ಮು ಪೂರ್ತಿ ನಿಂತಿದೆಯಂತೆ. ಎರಡು ಹೊತ್ತು ಗಂಜಿ. ಅಂಗಳದಲ್ಲಿ ಕರುವಿನ ಜೊತೆ ಓಟ. ‘ಬೊಂಬಾಯಿಗೆ ಹೋಗುವಾ ಅಂದರೆ ಅಟ್ಟ ಹತ್ತಿ ಅಡಗುತ್ತಾಳೆ. ಬೇಜಾರು ಮಾಡಬೇಡ ಮಗಾ, ಅವಳಿಗೆ ಈಗ ನಾನೇ ಅಮ್ಮ. ನೀನು ಬೊಂಬಾಯಿ ಅಮ್ಮ. ಎಷ್ಟು ತಿದ್ದಿದರೂ ಕೇಳುವುದಿಲ್ಲ.’

ಕೆಮ್ಮಿಲ್ಲ. ಅದೇ ತಾನೆ ಬೇಕಾಗಿದ್ದದ್ದು.

ಉತ್ತರ ಬರೆಯಲು ಕೂತಿದ್ದೇನೆ. ‘ಅಮ್ಮಾ, ಇದನ್ನು ಚಂಪಾಳಿಗೆ ಓದಿ ಹೇಳು. ಮಗಳೇ, ಗುರುವಾರ ಬರುತ್ತಿದ್ದೇನೆ. ನಾನು, ನಿನ್ನ —